ಮಗುವಿನ ಕೈಗೆ ಬಣ್ಣ ಕೊಟ್ಟ ಮೇಲೆ

ನಮ್ಮ ವ್ಯಾಪಾರಸ್ಥರ ಮನೆಗಳಲ್ಲಿ ಮಕ್ಕಳಿಗೆ ಸಾಮಾನು ಕೊಡಿಸಲು ಹಿಂದೆಮುಂದೆ ನೋಡುವವರು ಕಡಿಮೆ. ಹುಟ್ಟುಹಬ್ಬಕ್ಕೆ ಬಣ್ಣದ ಪೆಟ್ಟಿಗೆ, ದೀಪಾವಳಿಗೆ ಸ್ಕೆಚ್ ಪೆನ್ನು, ಜೊತೆಗೆ ಬಣ್ಣ ತುಂಬುವ ಪುಸ್ತಕ. ಎಂಟು ದಿನದಲ್ಲಿ ಪೆನ್ನಿನ ಮುಚ್ಚಳ ಒಂದು ಕಡೆ, ಪುಸ್ತಕ ಇನ್ನೊಂದು ಕಡೆ. ರೊಕ್ಕ ಕೊಟ್ಟವರು ನಾವು ಸರಿ. ಮಗುವಿನ ಪಕ್ಕದಲ್ಲಿ ಹತ್ತು ನಿಮಿಷ ಕೂತವರು ಯಾರು?

ಬಣ್ಣ ತುಂಬುವ ಪುಸ್ತಕ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಅದರಲ್ಲಿ ಯೋಚನೆಯ ಕೆಲಸವನ್ನು ಬೇರೆಯವರು ಮೊದಲೇ ಮುಗಿಸಿರುತ್ತಾರೆ. ಮಗುವಿಗೆ ಉಳಿಯುವುದು ಗೆರೆ ದಾಟದಂತೆ ತುಂಬುವುದು ಮಾತ್ರ. ಬರಿಯ ಹಾಳೆ ಕೊಟ್ಟರೆ ಏನು ತೆಗೆಯಬೇಕು, ಎಷ್ಟು ದೊಡ್ಡದು, ಯಾವ ಬಣ್ಣ ಎಂಬುದನ್ನೆಲ್ಲ ಮಗುವೇ ನಿರ್ಧರಿಸಬೇಕು. ಮುಂದೆ ಅಂಗಡಿಯಲ್ಲಾಗಲಿ ನೌಕರಿಯಲ್ಲಾಗಲಿ ಬೇಕಾಗುವ ಬುದ್ಧಿ ಇದೇ.

ಎರಡು ವರ್ಷದ ಸುಮಾರಿಗೆ ಮಗು ಸುಮ್ಮನೆ ಗೀಚುತ್ತದೆ. ಮೂರು-ನಾಲ್ಕಕ್ಕೆ ಒಂದು ಗುಂಡು, ಅದಕ್ಕೇ ಎರಡು ಕಾಲು, ಮನುಷ್ಯ ಸಿದ್ಧ! ಐದಾರಕ್ಕೆ ಕೆಳಗೆ ನೆಲದ ಗೆರೆ, ಮೇಲೆ ಆಕಾಶದ ಪಟ್ಟಿ. ಬಹಳಷ್ಟು ಮಕ್ಕಳು ಹೀಗೆಯೇ ಬೆಳೆಯುತ್ತಾರೆ. "ಹೊಟ್ಟೆ ಎಲ್ಲಿ?" ಎಂದು ಕೈಯಿಂದ ಕಸಿದು ತಿದ್ದಬಾರದು. ಶಾಂತಿನಿಕೇತನದಲ್ಲಿ ಕಲಿತು, 1944ರಿಂದ ವರ್ಧಾ ಹತ್ತಿರದ ಸೇವಾಗ್ರಾಮದಲ್ಲಿ ಮಕ್ಕಳಿಗೆ ಚಿತ್ರಕಲೆ ಕಲಿಸಿದ ದೇವಿ ಪ್ರಸಾದ್ (1921–2011) ಅವರು ಕಲೆಯನ್ನು ಶಿಕ್ಷಣದ ಬುನಾದಿ ಎಂದೇ ತಿಳಿದವರು.

ಸಾಮಾನು ಹೆಚ್ಚು ಬೇಡ. ದಪ್ಪ ಮೇಣದ ಬಣ್ಣಕಡ್ಡಿ ನಾಲ್ಕಾರು ಸಾಕು. ಮುರಿದ ತುಂಡನ್ನು ಎಸೆಯಬೇಡಿರಿ. ಸಣ್ಣ ತುಂಡನ್ನು ಮುಷ್ಟಿಯಲ್ಲಿ ಹಿಡಿಯಲಾಗದೆ ಮಗು ಬೆರಳ ತುದಿಯಲ್ಲಿ ಹಿಡಿಯಲು ಕಲಿಯುತ್ತದೆ. ಹಳದಿಯ ಮೇಲೆ ನೀಲಿ ತಿಕ್ಕಿ ಹಸಿರು ಬಂದದ್ದನ್ನು ತಾನೇ ಕಂಡುಕೊಳ್ಳಲಿ. ಅರಿಶಿನದ ನೀರು ಸವರಿ ಒಣಗಿಸಿದ ಕಾಗದಕ್ಕೆ ದೊಡ್ಡವರು ತುಸು ಸುಣ್ಣದ ನೀರು ಮುಟ್ಟಿಸಿದರೆ ಕೆಂಪಾಗುತ್ತದೆ. ಹಾಳೆಗೆ ಹಳೆಯ ಕ್ಯಾಲೆಂಡರಿನ ಬೆನ್ನು, ಒಂದೇ ಮಗ್ಗುಲು ಬರೆದ ಬಿಲ್ಲುಗಳು ನಮ್ಮ ಅಂಗಡಿಗಳಲ್ಲಿ ಬೇಕಾದಷ್ಟಿವೆ.

ಮೊದಲು ನೋಡುವುದು, ಆಮೇಲೆ ತೆಗೆಯುವುದು. ಕೆಳಗೆ ಬಿದ್ದ ಬೇವಿನ ಎಲೆಯೊಂದನ್ನು ಮುಂದಿಡಿರಿ. ಅಂಚು ಹೇಗಿದೆ, ನಡುವಿನ ನರ ಎಲ್ಲಿಂದ ಎಲ್ಲಿಗೆ ಹೋಗಿದೆ, ಮುಟ್ಟಿ ನೋಡಲಿ. ತೆಗೆದ ಮೇಲೆ "ಇದೇನು?" ಎನ್ನದೆ "ಇದರ ಕಥೆ ಹೇಳು" ಎನ್ನಿರಿ. ನನ್ನ ಐದು ವರ್ಷದ ಮೊಮ್ಮಗಳು ನಮ್ಮ ಅಂಗಡಿಯ ಚಿತ್ರ ತೆಗೆದಳು. ತಕ್ಕಡಿ ನನಗಿಂತ ದೊಡ್ಡದು. ಯಾಕವ್ವಾ ಎಂದೆ. "ಅಜ್ಜಾ, ನೀ ಯಾವಾಗಲೂ ಅದನ್ನೇ ನೋಡ್ತಿಯಲ್ಲ!" ಎಂದಳು. ತಪ್ಪೆಂದು ತಿದ್ದಿದ್ದರೆ ಈ ಮಾತು ಕೇಳಲು ಸಿಗುತ್ತಿರಲಿಲ್ಲ.

ಚಿತ್ರದಿಂದ ವಿಚಾರ ಹುಟ್ಟಿಸುವುದು ನಮಗೆ ಹೊಸದಲ್ಲ. ಶ್ರವಣಬೆಳಗೊಳದ ಮಠದ ಗೋಡೆಯ ಮೇಲೆ ಷಟ್‌ಲೇಶ್ಯೆಯ ಚಿತ್ರವಿದೆ. ಹಣ್ಣಿನ ಮರ ಒಂದೇ, ಹಸಿದವರು ಆರು ಜನ. ಒಬ್ಬ ಬುಡಕ್ಕೇ ಕೊಡಲಿ ಹಾಕುತ್ತಾನೆ, ಕೊನೆಯವನು ಬಿದ್ದ ಹಣ್ಣನ್ನಷ್ಟೇ ಆರಿಸುತ್ತಾನೆ. ಈ ಕಥೆ ಹೇಳಿ, ಚಿತ್ರ ತೋರಿಸದೆ, ಮಗುವಿಗೇ ತೆಗೆಯಲು ಬಿಡಿರಿ. ಯಾರನ್ನು ದೊಡ್ಡದಾಗಿ ತೆಗೆಯುತ್ತದೆ, ಮರಕ್ಕೆ ಯಾವ ಬಣ್ಣ ಕೊಡುತ್ತದೆ ನೋಡಿರಿ. ಉಪದೇಶಕ್ಕಿಂತ ಇದು ಹೆಚ್ಚು ದಿನ ಉಳಿಯುತ್ತದೆ.

ಮಹಾರಾಷ್ಟ್ರದಲ್ಲಿರುವ ನಮ್ಮ ಮಕ್ಕಳಿಗೆ ಹೈಸ್ಕೂಲಿನಲ್ಲಿ ಎಲಿಮೆಂಟರಿ, ಇಂಟರ್‌ಮೀಡಿಯೇಟ್ ಚಿತ್ರಕಲಾ ಪರೀಕ್ಷೆಗಳಿವೆ. ಬರೆಸಿರಿ, ಒಳ್ಳೆಯದೇ. ಆದರೆ ಆರು ವರ್ಷದ ಕೂಸನ್ನು ಈಗಲೇ ಬಹುಮಾನದ ಓಟಕ್ಕೆ ಹಚ್ಚಬೇಡಿರಿ.

ಕೊನೆಯದಾಗಿ ಒಂದು ಸೂಚನೆ. ಪ್ರತಿ ಚಿತ್ರದ ಹಿಂದೆ ತಾರೀಖು ಹಾಕಿ, ಮಗು ಹೇಳಿದ ಮಾತನ್ನು ಹೇಳಿದ ಹಾಗೆಯೇ ಬರೆದು ಫೈಲಿನಲ್ಲಿಡಿರಿ. ಕಿರ್ದಿ-ಖಾತೆ ಬರೆದು ರೂಢಿಯಿರುವ ನಮಗೆ ಇದೇನು ಭಾರವಲ್ಲ. ವರ್ಷದ ಕೊನೆಗೆ ತೆಗೆದು ನೋಡಿದರೆ ಮಗು ಎಷ್ಟು ಬೆಳೆದಿದೆ ಎಂಬುದರ ಲೆಕ್ಕ ಕಣ್ಣೆದುರಿಗೇ ಇರುತ್ತದೆ.