ಗೇಟಿಗೆ ಯಾವ ಸ್ಟೀಲ್, ಸಿಂಕಿಗೆ ಯಾವ ಸ್ಟೀಲ್?

ದುಬೈನ ಮಿರ್ದಿಫ್‌ನ ವಿಲ್ಲಾಗಳ ಬೀದಿಯಲ್ಲಿ ಸಂಜೆ ಸುತ್ತಾಡುವಾಗ ಗೇಟುಗಳ ಬುಡ ಗಮನಿಸಿ. ಮೇಲೆಲ್ಲ ಬಣ್ಣ ನೆಟ್ಟಗಿರುತ್ತದೆ. ಗಿಡಕ್ಕೆ ಬಿಟ್ಟ ನೀರು ತಾಗುವ ಕೆಳಗಿನ ಒಂದು ಗೇಣು ಮಾತ್ರ ಉಬ್ಬಿರುತ್ತದೆ. ಬೆರಳಿಟ್ಟರೆ ಕಂದು ಪುಡಿ ಉದುರುತ್ತದೆ. ಹಾಗಾದರೆ ಸ್ಟೇನ್‌ಲೆಸ್ ಸ್ಟೀಲ್ ಹಾಕಿಸಬೇಕಿತ್ತೇ? ಯಾವಾಗಲೂ ಬೇಕಿಲ್ಲ. ಯಾಕೆಂದು ನೋಡೋಣ.

ನಮ್ಮ ಮಾತಿನಲ್ಲಿ ಲೋಟ ಸ್ಟೀಲಿನದು, ಗೇಟು ಕಬ್ಬಿಣದ್ದು. ನಿಜಕ್ಕೆ ಎರಡೂ ಉಕ್ಕೇ. ವರ್ಕ್‌ಶಾಪಿನವರು 'ಎಂ.ಎಸ್.' ಅನ್ನುವುದು ಮೈಲ್ಡ್ ಸ್ಟೀಲ್‌ಗೆ, ಅಂದರೆ ಮೆದು ಉಕ್ಕಿಗೆ. ಅದು ಬಹುಪಾಲು ಕಬ್ಬಿಣ. ಇಂಗಾಲ ಸುಮಾರು ಶೇ. 0.25ರ ಒಳಗೆ. 'ಎಸ್.ಎಸ್.' ಅಂದರೆ ಸ್ಟೇನ್‌ಲೆಸ್, ಕಲೆ ಹಿಡಿಯದ ಉಕ್ಕು. ಅದರಲ್ಲಿ ಕನಿಷ್ಠ ಶೇ. 10.5ರಷ್ಟು ಕ್ರೋಮಿಯಂ ಇರಲೇಬೇಕು.

ಈ ಕ್ರೋಮಿಯಂ ಗಾಳಿಯ ಆಮ್ಲಜನಕದೊಡನೆ ಸೇರಿ ಲೋಹದ ಮೈಮೇಲೆ ಕಣ್ಣಿಗೆ ಕಾಣದಷ್ಟು ತೆಳುವಾದ ಪೊರೆ ಕಟ್ಟುತ್ತದೆ. ಗೀರು ಬಿದ್ದರೂ ಪೊರೆ ತಾನಾಗಿ ಮತ್ತೆ ಕೂಡುತ್ತದೆ. ಮೈಲ್ಡ್ ಸ್ಟೀಲ್‌ನ ತುಕ್ಕು ಹಾಗಲ್ಲ. ಅದು ಸಡಿಲ, ಚಕ್ಕೆ ಚಕ್ಕೆಯಾಗಿ ಕಳಚಿ ಒಳಗಿನ ಲೋಹವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ.

ಸ್ಟೇನ್‌ಲೆಸ್‌ಗೂ ಒಬ್ಬ ಶತ್ರು ಇದ್ದಾನೆ: ಉಪ್ಪು. ಮಿರ್ದಿಫ್ ಕಡಲ ದಂಡೆಯಲ್ಲಿಲ್ಲ, ಆದರೆ ಕಡಲು ದೂರವೂ ಅಲ್ಲ. ಬೇಸಿಗೆಯ ರಾತ್ರಿ ಗಾಳಿ ಒದ್ದೆ, ಧೂಳಿನಲ್ಲಿ ಲವಣ. ಒದ್ದೆ ಧೂಳು ಮೆತ್ತಿಕೊಂಡ ಕಡೆ ಆಮ್ಲಜನಕ ತಲುಪದೆ ಪೊರೆ ಸೋಲುತ್ತದೆ. ಚಹಾ ಚೆಲ್ಲಿದಂಥ ಕಲೆ ಏಳುತ್ತದೆ. ನಮ್ಮ ಮನೆಯ ಹೊರಗಿಟ್ಟ ಚಪ್ಪಲಿ ಸ್ಟ್ಯಾಂಡಿಗೆ ಒಂದೇ ಬೇಸಿಗೆಯಲ್ಲಿ ಹೀಗಾಯಿತು. ಅಂಗಡಿಯವನು ಅಯಸ್ಕಾಂತ ಹಿಡಿದು, 'ನೋಡಿ ಸಾರ್, ಅಂಟುವುದೇ ಇಲ್ಲ, ಅಪ್ಪಟ ಸ್ಟೇನ್‌ಲೆಸ್' ಅಂದಿದ್ದ. ಅವನು ಹೇಳಿದ್ದು ಸುಳ್ಳೇನಲ್ಲ, ಸಾಲದಷ್ಟು ನಿಜ.

ಯಾಕೆಂದರೆ ಸ್ಟೇನ್‌ಲೆಸ್‌ನಲ್ಲೂ ಗ್ರೇಡ್, ಅಂದರೆ ದರ್ಜೆ ಇದೆ. 304ರಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್. ಪಾತ್ರೆಯ ತಳದಲ್ಲಿ 18/8 ಎಂದು ಒತ್ತಿರುವುದು ಇದನ್ನೇ. 316ರಲ್ಲಿ ಶೇ. 2ರಿಂದ 3ರಷ್ಟು ಮಾಲಿಬ್ಡಿನಂ ಕೂಡ ಇದ್ದು ಉಪ್ಪಿಗೆ ಹೆಚ್ಚು ತಡೆಯುತ್ತದೆ. 201, 202ರಲ್ಲಿ ದುಬಾರಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ತುಂಬಿರುತ್ತಾರೆ. ಅಯಸ್ಕಾಂತ 202ಕ್ಕೂ ಅಂಟದು, 304ಕ್ಕೂ ಅಂಟದು. ಇನ್ನೊಂದು ತಮಾಷೆ: ಅಪ್ಪಟ 304ನ್ನು ಬಗ್ಗಿಸಿ ಒತ್ತಿದ ಅಂಚಿನಲ್ಲಿ ಕೊಂಚ ಅಂಟುವುದೂ ಉಂಟು. ಹಾಗಾಗಿ ಅಯಸ್ಕಾಂತ ಮನೆಯಲ್ಲೇ ಇರಲಿ. ದೊಡ್ಡ ಕೆಲಸವಾದರೆ ಮಿಲ್ ಟೆಸ್ಟ್ ಸರ್ಟಿಫಿಕೇಟ್ ಕೇಳಿ. ಉಕ್ಕಿನಲ್ಲಿ ಏನೇನು ಎಷ್ಟೆಷ್ಟಿದೆ ಎಂದು ಕಾರ್ಖಾನೆ ಕೊಡುವ ಪತ್ರ ಅದು.

'ಸ್ಟೇನ್‌ಲೆಸ್ ಹೆಚ್ಚು ಗಟ್ಟಿ ಅಲ್ಲವೇ?' ಎಂದು ಬಹಳ ಮಂದಿ ಕೇಳುತ್ತಾರೆ. ಗೇಟು, ತೊಲೆ, ಕಾರ್ ಶೆಡ್ಡಿನ ಕಂಬದ ಮಟ್ಟಿಗೆ ಮೈಲ್ಡ್ ಸ್ಟೀಲ್ ಏನೂ ಹಿಂದಿಲ್ಲ. ವೆಲ್ಡಿಂಗ್ ಸುಲಭ, ರಿಪೇರಿ ಸುಲಭ. ಬುರ್ಜ್ ಖಲೀಫಾದ ಹೊರಮೈಯಲ್ಲಿ ಗಾಜು, ಅಲ್ಯೂಮಿನಿಯಂ ಜತೆ ಸ್ಟೇನ್‌ಲೆಸ್ ಮಿನುಗುತ್ತದೆ. ಭಾರ ಹೊರುವ ಕೆಲಸ ಒಳಗಿನ ಕಾಂಕ್ರೀಟು ಮತ್ತು ಸಾದಾ ಉಕ್ಕಿನ ಸರಳುಗಳದು.

ಬಿಸಿಲಿನ ಲೆಕ್ಕವೂ ಇದೆ. 3 ಮೀಟರ್ ರೇಲಿಂಗ್ ಚಳಿಗಾಲದ ಮುಂಜಾವಿಗಿಂತ ಬೇಸಿಗೆಯಲ್ಲಿ 50 ಡಿಗ್ರಿ ಹೆಚ್ಚು ಕಾದರೆ ಮೈಲ್ಡ್ ಸ್ಟೀಲ್ ಸುಮಾರು 1.8 ಮಿಲಿಮೀಟರ್ ಹಿಗ್ಗುತ್ತದೆ, 304 ಸುಮಾರು 2.6. ಎರಡೂ ತುದಿಯನ್ನು ಗೋಡೆಗೆ ಬಿಗಿದು ಕೂರಿಸಿದರೆ ಗಾರೆ ಬಿರುಕು ಬಿಟ್ಟೀತು. ಸ್ವಲ್ಪ ಸಂದು ಬಿಡಲು ಹೇಳಿ.

ಅಡುಗೆಮನೆಯಲ್ಲಿ ನ್ಯಾಯ ಬೇರೆ. ಸಿಂಕಿಗೆ, ಹುಳಿ ಕುದಿಸುವ ಪಾತ್ರೆಗೆ 304 ಸರಿ. ಹುಣಸೆಹುಳಿ ಬರಿ ಕಬ್ಬಿಣವನ್ನು ತಿನ್ನುತ್ತದೆ. ದೋಸೆಗೆ ಮಾತ್ರ ಕಬ್ಬಿಣ ಅಥವಾ ಬೀಡಿನ ಕಾವಲಿಯೇ ಬೇಕು. ಮೈಲ್ಡ್ ಸ್ಟೀಲ್ ಶಾಖವನ್ನು 304ಕ್ಕಿಂತ ಸುಮಾರು ಮೂರು ಪಟ್ಟು ಚೆನ್ನಾಗಿ ಹರಡುತ್ತದೆ. ಎಣ್ಣೆ ಕುಡಿಸಿ ಪಳಗಿಸಿದರೆ ಹಿಟ್ಟು ಹಿಡಿಯುವುದಿಲ್ಲ. ಸಿಂಕಿಗೆ ಬ್ಲೀಚ್ ಸುರಿದು ಹಾಗೇ ಬಿಡಬೇಡಿ. ಕಬ್ಬಿಣದ ನಾರಿನಿಂದ ಉಜ್ಜಬೇಡಿ. ಉಳಿದ ಚೂರುಗಳು ತುಕ್ಕು ಹಿಡಿದು ಸಿಂಕಿಗೆ ಕೆಟ್ಟ ಹೆಸರು ತರುತ್ತವೆ. ಪಾತ್ರೆಯಲ್ಲಿ ನೀರು ಕುದಿಯುವ ಮೊದಲೇ ಉಪ್ಪು ಹಾಕಿದರೆ ತಳದಲ್ಲಿ ಸಣ್ಣ ಗುಳಿ ಬೀಳುವುದುಂಟು.

ಇನ್ನು ಖರ್ಚು. 304ರ ಬೆಲೆ ಕಿಲೋಗೆ ಮೈಲ್ಡ್ ಸ್ಟೀಲ್‌ನ ಮೂರು-ನಾಲ್ಕು ಪಟ್ಟು ಎಂದಿಟ್ಟುಕೊಳ್ಳಿ. ನಿಕ್ಕಲ್ ದರ ಏರಿಳಿದಂತೆ ಇದೂ ಏರಿಳಿಯುತ್ತದೆ. ತೂಕ ನೀವೇ ಅಳೆಯಬಹುದು: ಒಂದು ಚದರ ಮೀಟರ್, ಒಂದು ಮಿಲಿಮೀಟರ್ ದಪ್ಪದ ತಗಡು ಸುಮಾರು 7.85 ಕಿಲೋ, 304 ಆದರೆ 8ರ ಹತ್ತಿರ. ಕಡಿಮೆ ದರ ಹೇಳಿದವನ ಪೈಪು ಎಷ್ಟು ದಪ್ಪ ಎಂದು ಮೊದಲು ಕೇಳಿ.

ಗೇಟಿಗೆ ನನ್ನ ಆಯ್ಕೆ ಗ್ಯಾಲ್ವನೈಸ್ ಮಾಡಿದ, ಅಂದರೆ ಸತುವಿನ ಲೇಪ ಕೊಟ್ಟ ಮೈಲ್ಡ್ ಸ್ಟೀಲ್, ಮೇಲೆ ಪೌಡರ್ ಕೋಟಿಂಗ್. ವೆಲ್ಡಿಂಗಿನಲ್ಲಿ ಸತು ಸುಟ್ಟ ಜಾಗಕ್ಕೆ ಜಿಂಕ್ ಪ್ರೈಮರ್ ಹಚ್ಚಿಸಿ. ಬುಡದಲ್ಲಿ ನೀರು ಬಸಿಯಲು ತೂತು ಇರಲಿ. ಮಹಡಿಯ ರೇಲಿಂಗಿಗೆ 304 ಸಾಕು, ತಿಂಗಳಿಗೊಮ್ಮೆ ಸಿಹಿನೀರಲ್ಲಿ ಒರೆಸಿದರೆ. 316 ಜುಮೇರಾದ ಕಡಲ ಬದಿಯವರಿಗೆ, ಈಜುಕೊಳ ಇರುವವರಿಗೆ. ಹೊರಗಡೆಗೆ 202 ಮಾತ್ರ ಬೇಡವೇ ಬೇಡ.

ಮಾಡಿಸಲು ಅಲ್ ಕೂಸ್, ರಾಸ್ ಅಲ್ ಖೋರ್ ಕೈಗಾರಿಕಾ ಪ್ರದೇಶಗಳ ವರ್ಕ್‌ಶಾಪ್‌ಗಳಿವೆ, ಶಾರ್ಜಾದಲ್ಲೂ ಇವೆ. ಎರಡು-ಮೂರು ಕಡೆ ದರ ಬರೆಸಿ ತನ್ನಿ. ಬಾಡಿಗೆ ವಿಲ್ಲಾ ಆದರೆ ಮಾಲೀಕರ ಒಪ್ಪಿಗೆ ಮೊದಲು. ಬಿಲ್ಲಿನಲ್ಲಿ ಬರೀ 'ಎಸ್.ಎಸ್.' ಎಂದಿದ್ದರೆ, ಹಣ ಕೊಡುವ ಮುಂಚೆ ಪಕ್ಕದಲ್ಲಿ 304 ಎಂದು ಬರೆಸಿಕೊಳ್ಳಿ.