ಒಂದು ಕಪ್ ಎಂದರೆ 250 ಗ್ರಾಂ: ಈ ಲೆಕ್ಕ ಎಷ್ಟು ಸರಿ?

‘1 ಕಪ್ = 250 ಗ್ರಾಂ, 1 ಚಮಚ = 5 ಗ್ರಾಂ’ ಎಂಬ ಅಡುಗೆ ಲೆಕ್ಕ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ನೀರಿಗೆ ಇದು ಹೆಚ್ಚುಕಡಿಮೆ ಸರಿ. ಉಳಿದ ಬಹುತೇಕ ಪದಾರ್ಥಗಳಿಗೆ ತಪ್ಪು.

ಕಪ್ಪು, ಲೋಟ, ಚಮಚ ಅಳೆಯುವುದು ಜಾಗವನ್ನು. ತಕ್ಕಡಿ ಅಳೆಯುವುದು ತೂಕವನ್ನು. ಬಳ್ಳಾರಿಯವರಿಗೆ ಇದನ್ನು ತಿಳಿಸಲು ಒಗ್ಗರಣೆ ಮಂಡಕ್ಕಿ ಸಾಕು. ಒಂದು ಸೇರು ಮಂಡಕ್ಕಿ ಕೈಗೆ ಭಾರವೇ ಅನಿಸುವುದಿಲ್ಲ. ಅದೇ ಸೇರಿನಲ್ಲಿ ಸಿರುಗುಪ್ಪದ ಅಕ್ಕಿ ತುಂಬಿ ಎತ್ತಿ ನೋಡಿ!

240 ಮಿ.ಲೀ. ಹಿಡಿಯುವ ಕಪ್‌ನಲ್ಲಿ ಸಕ್ಕರೆ ಸುಮಾರು 200 ಗ್ರಾಂ, ಅಕ್ಕಿ 185ರಿಂದ 200 ಗ್ರಾಂ, ಪುಡಿ ಉಪ್ಪು 280 ಗ್ರಾಂಗೂ ಹೆಚ್ಚು ತೂಗುತ್ತದೆ. ಗೋಧಿ ಹಿಟ್ಟು 120-130 ಗ್ರಾಂ ಅಷ್ಟೆ. ಒತ್ತಿ ತುಂಬಿದರೆ ಇನ್ನೂ ಹೆಚ್ಚು. ಹರಳುಪ್ಪಿನ ನಡುವೆ ಗಾಳಿ ಇರುವುದರಿಂದ ಅದು ಪುಡಿ ಉಪ್ಪಿಗಿಂತ ಕಡಿಮೆ ತೂಗುತ್ತದೆ. ಕಪ್ಪೂ ಒಂದೇ ಅಲ್ಲ: ಆಸ್ಟ್ರೇಲಿಯಾದ್ದು 250 ಮಿ.ಲೀ., ಜಪಾನಿನದು 200.

ಒಂದು ಲೀಟರ್ ಅಡುಗೆ ಎಣ್ಣೆ ಸುಮಾರು 910 ಗ್ರಾಂ ತೂಗುತ್ತದೆ. ಹಾಗಾಗಿ 1 ಲೀಟರ್ ಪ್ಯಾಕೆಟ್ ಮೇಲೆ 910 ಗ್ರಾಂ ಎಂದಿದ್ದರೆ ಅದು ಮೋಸವಲ್ಲ, ಎಣ್ಣೆ ನೀರಿಗಿಂತ ಹಗುರ.

ಸೇರಿನದು ಇನ್ನೊಂದು ಗೊಂದಲ. ತೂಕದ ಸೇರು 80 ತೊಲ, ಅಂದರೆ ಸುಮಾರು 933 ಗ್ರಾಂ. ಅಳತೆಯ ಸೇರು ಒಂದು ಪಾತ್ರೆ, ಅದರ ಗಾತ್ರ ಊರಿಂದೂರಿಗೆ ಬೇರೆ. 1956ರ ಕಾಯ್ದೆಯಿಂದ ದೇಶಕ್ಕೆಲ್ಲ ಕಿಲೋ, ಲೀಟರ್ ಬಂದವು. ಆದರೂ ಕುರುಗೋಡಿನ ಅಜ್ಜಿ ‘ಎರಡು ಪಾವು ಅಕ್ಕಿ ಇಡವ್ವಾ’ ಎಂದರೆ ಮೊಬೈಲಿನಲ್ಲಿ ಗ್ರಾಂ ಹುಡುಕಿ ಪ್ರಯೋಜನವಿಲ್ಲ, ಆ ಮನೆಯ ಪಾವನ್ನೇ ತರಬೇಕು.

ನಿಮ್ಮ ಮನೆಯ ಲೋಟದ ಲೆಕ್ಕ ಬೇಕೇ? ಖಾಲಿ ಲೋಟ ತೂಗಿ, ಆಮೇಲೆ ನೀರು ತುಂಬಿ ತೂಗಿ. ಹೆಚ್ಚಾದ ಗ್ರಾಂ ಎಷ್ಟೋ, ಲೋಟ ಅಷ್ಟೇ ಮಿ.ಲೀ. ಹಿಡಿಯುತ್ತದೆ. ಲೋಟ ಒರೆಸಿ ಅಕ್ಕಿ, ರವೆ, ಹಿಟ್ಟನ್ನೂ ಹೀಗೇ ತೂಗಿ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಕಿರಾಣಿ ಅಂಗಡಿಯ ತಕ್ಕಡಿಯೂ ಆದೀತು.

ಉಪ್ಪಿಟ್ಟಿನ ಅಳತೆ ತಪ್ಪಿದರೆ ಮುದ್ದೆಯಾದೀತು, ಅಷ್ಟೆ. ಆದರೆ ಭೇದಿಯಾದ ಮಗುವಿಗೆ ಕೊಡುವ ಉಪ್ಪು-ಸಕ್ಕರೆ ನೀರಿನಲ್ಲಿ ತಪ್ಪಬಾರದು. ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಎರಡೂ ಸಮತಟ್ಟಾಗಿ ಗೀರಿದ ಚಮಚ. ನಾವು ಟೀ ಚಮಚಕ್ಕೂ ಊಟದ ದೊಡ್ಡ ಚಮಚಕ್ಕೂ ‘ಚಮಚ’ ಎಂದೇ ಅನ್ನುತ್ತೇವೆ, ತೊಂದರೆ ಇರುವುದು ಇಲ್ಲೇ. 5 ಮಿ.ಲೀ. ಟೀ ಚಮಚದಲ್ಲಿ ಅರ್ಧ ಉಪ್ಪು ಸುಮಾರು 3 ಗ್ರಾಂ. 15 ಮಿ.ಲೀ. ಚಮಚದಲ್ಲಿ ಅರ್ಧ ಎಂದರೆ 9 ಗ್ರಾಂ, ಮೂರು ಪಟ್ಟು! ರಕ್ತದಲ್ಲಿ ಸೋಡಿಯಂ ಹೀಗೆ ಏರಿದರೆ ಮಗುವಿಗೆ ಫಿಟ್ಸ್ ಕೂಡ ಬರಬಹುದು.

ಆದ್ದರಿಂದ ಓಆರ್‌ಎಸ್ ಪ್ಯಾಕೆಟ್ ಸಿಕ್ಕರೆ ಅದನ್ನೇ ಬಳಸಿ. 1 ಲೀಟರಿಗೆ ಒಂದು, 200 ಮಿ.ಲೀ.ಗೆ ಒಂದು, ಹೀಗೆ ಎರಡು ಗಾತ್ರದ ಪ್ಯಾಕೆಟ್‌ಗಳಿವೆ. ಮೇಲೆ ಬರೆದಷ್ಟೇ ನೀರಿಗೆ ಪೂರ್ತಿ ಪುಡಿ ಹಾಕಿ ಕಲಸಿ. ಮಗು ಸುಸ್ತಾಗಿ ಕುಡಿಯಲೂ ಆಗದಿದ್ದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.