ನಿಮಗಿದು ಗೊತ್ತೇ? ಕೈಯಲ್ಲಿ ಮಿರ್ಚಿ, ಕಾಲಡಿಯಲ್ಲಿ ರಾಯಚೂರು

ಸ್ಪೇನಿನ ಹಳೇ ಊರುಗಳಲ್ಲಿ ಸಂಜೆಯಾದರೆ ಜನ ಒಂದೇ ಅಂಗಡಿಯಲ್ಲಿ ಕೂತು ಹೊಟ್ಟೆ ತುಂಬಿಸಿಕೊಳ್ಳುವುದಿಲ್ಲ. ಇಲ್ಲೊಂದು ತುತ್ತು, ಒಂದು ಗುಟುಕು ವೈನು, ಅಲ್ಲಿಂದ ಮುಂದಿನ ಗಲ್ಲಿ. ಆ ಚಿಕ್ಕ ತಟ್ಟೆಯ ತಿನಿಸಿಗೆ ಅವರು ತಾಪಸ್ ಅನ್ನುತ್ತಾರೆ. ಗೈಡು ಬೇಡ, ಟಿಕೆಟ್ಟು ಬೇಡ, ಕಾಲು ಗಟ್ಟಿ ಇದ್ದರಾಯಿತು. ಈ ಚಾಳಿಗೆ ರಾಯಚೂರು ಹೇಳಿ ಮಾಡಿಸಿದ ಊರು. ವೈನಿನ ಜಾಗದಲ್ಲಿ ಚಾ ಇಟ್ಟುಕೊಳ್ಳಿ. ಯಾಕೆ ಅನ್ನುವುದನ್ನು ಮುಂದೆ ಹೇಳುತ್ತೇನೆ. ಈಗ ರೈಲು ಇಳಿದು ನಡೆಯೋಣ.

ಇಳಿದ ಸ್ಟೇಷನ್ನಿಗೇ ಒಂದು ಕತೆ ಇದೆ, ಗೊತ್ತೇ? ಬೊಂಬಾಯಿ ಕಡೆಯಿಂದ ಬಂದ ಗ್ರೇಟ್ ಇಂಡಿಯನ್ ಪೆನಿನ್ಸುಲಾ ಕಂಪನಿಯ ಹಳಿ ಮತ್ತು ಮದರಾಸಿನಿಂದ ಬಂದ ಮದ್ರಾಸ್ ರೈಲ್ವೆಯ ಹಳಿ ಒಂದಕ್ಕೊಂದು ಕೂಡಿದ್ದು ರಾಯಚೂರಿನಲ್ಲೇ, 1871ರಲ್ಲಿ. ಎರಡು ಮಹಾನಗರಗಳ ಗಂಟು ಬಿದ್ದದ್ದು ನಿಜಾಮರ ಸೀಮೆಯ ಈ ಬಿಸಿಲೂರಿನಲ್ಲಿ.

ನಿಜಾಮರ ಸೀಮೆಯಲ್ಲಿ ರೂಪಾಯಿಯೂ ಬೇರೆ. ಹಾಲಿ ಸಿಕ್ಕಾ ಎಂಬ ಅವರ ಏಳು ರೂಪಾಯಿ ಕೊಟ್ಟರೆ ಬ್ರಿಟಿಷ್ ಇಂಡಿಯಾದ ಸುಮಾರು ಆರು ರೂಪಾಯಿ ಸಿಗುತ್ತಿತ್ತು. ಗಡಿ ದಾಟಿ ಚಾ ಕುಡಿಯಬೇಕಾದರೂ ಲೆಕ್ಕ ಬರಬೇಕಿತ್ತು.

ಮೊದಲ ತಟ್ಟೆ: ವಗ್ಗರಣಿ–ಮಿರ್ಚಿ. ಬೆಂಗಳೂರಿನವರು ಮಂಡಕ್ಕಿ ಎಂದರೆ ಗರಿಗರಿ ಚುರುಮುರಿ ಅಂದುಕೊಳ್ಳುತ್ತಾರೆ. ಇಲ್ಲಿ ಮಂಡಾಳನ್ನು ನೀರಿನಲ್ಲಿ ಅದ್ದಿ, ಕೈಯಲ್ಲಿ ಹಿಂಡಿ, ಉಳ್ಳಾಗಡ್ಡಿ, ಹಸಿಮೆಣಸಿನಕಾಯಿ, ಅರಿಶಿನ ಹಾಕಿದ ವಗ್ಗರಣಿಗೆ ಸುರಿದು, ಮೇಲೆ ಪುಟಾಣಿ ಹಿಟ್ಟು ಉದುರಿಸುತ್ತಾರೆ. ಮೆತ್ತಗೆ, ಹಳದಿ, ಬಿಸಿಬಿಸಿ. ಬೆಳಗಿನ ನಾಷ್ಟಾಕ್ಕೂ ಇದೇ, ಸಂಜೆಗೂ ಇದೇ. ಇದರ ಜೋಡಿ ಮಿರ್ಚಿ ಇಲ್ಲದಿದ್ದರೆ ತಟ್ಟೆ ಬೋಳು.

ಬಂಡಿಯ ಮುಂದೆ ಒಂದು ಗಳಿಗೆ ನಿಂತು ನೋಡಿ. ಉದ್ದನೆಯ ತಿಳಿಹಸಿರು ಕಾಯಿಯ ಹೊಟ್ಟೆ ಸೀಳಿ, ಜೀರಿಗೆ–ಉಪ್ಪು–ಹುಣಸೆಯ ಮುದ್ದೆಯನ್ನು ಹೆಬ್ಬೆರಳಿನಿಂದ ಒಳಗೆ ಸವರುತ್ತಾರೆ. ತೊಟ್ಟು ಹಿಡಿದು ಕಡ್ಲಿಹಿಟ್ಟಿನಲ್ಲಿ ಮುಳುಗಿಸಿ, ಹೆಚ್ಚಿನ ಹಿಟ್ಟನ್ನು ಬೋಗುಣಿಯ ಅಂಚಿಗೆ ಒರೆಸಿ, ಎಣ್ಣೆಗೆ ಜಾರಿಸುತ್ತಾರೆ. ಹಾಗೆ ಒರೆಸುವುದರಿಂದ ಒಂದು ಮಗ್ಗುಲು ಹಿಟ್ಟು ತೆಳ್ಳಗಾಗಿ ಒಳಗಿನ ಕಾಯಿ ಬೇಯುತ್ತದೆ. ಒರೆಸದೆ ಬಿಟ್ಟರೆ ಹೊರಗೆ ಕೆಂಪು, ಒಳಗೆ ಹಸಿ. "ಅಕ್ಕಾ, ಎರಡ್ ಮಿರ್ಚಿ" ಅಂದರೆ "ತಡೀರಿ ಯಣ್ಣಾ, ಎಣ್ಣಿ ಕಾಯ್ಲಿ" ಎಂಬ ಉತ್ತರ ಬಂದರೆ ಆ ಅಂಗಡಿಯನ್ನು ನಂಬಬಹುದು. ಕಟ್ ಮಿರ್ಚಿ ಬೇಕೆಂದರೆ ಕರಿದದ್ದನ್ನೇ ತುಂಡರಿಸಿ ಮತ್ತೆ ಎಣ್ಣೆಗೆ ಬಿಟ್ಟು, ಮೇಲೆ ಹಸಿ ಉಳ್ಳಾಗಡ್ಡಿ ಹಾಕಿ ಕೊಡುತ್ತಾರೆ. ನನ್ನ ಮತ ಇಡೀ ಕಾಯಿಗೇ.

ಸ್ಪೇನಿನಲ್ಲೂ ಮೆಣಸಿನಕಾಯಿಯ ತಾಪಸ್ ಉಂಟು. ಪಾದ್ರೋನ್ ಎಂಬ ಊರಿನ ಹೆಸರು ಹೊತ್ತ ಪುಟ್ಟ ಹಸಿರು ಕಾಯಿಗಳನ್ನು ಎಣ್ಣೆಯಲ್ಲಿ ಬಾಡಿಸಿ ಉಪ್ಪು ಚೆಲ್ಲಿ ಕೊಡುತ್ತಾರೆ. ಬಹುಪಾಲು ಸಪ್ಪೆ, ನಡುವೆ ಯಾವುದೋ ಒಂದು ಮಾತ್ರ ಬೆಂಕಿ. ನಮ್ಮ ಮಿರ್ಚಿಯ ಜಾತಕವೂ ಅದೇ.

ಇನ್ನು ಸ್ಯಾನ್ ಸೆಬಾಸ್ಟಿಯನ್ ಊರಿನಲ್ಲಿ ಉಪ್ಪಿನಕಾಯಿ ಮೆಣಸು, ಆಲಿವ್ ಕಾಯಿ, ಉಪ್ಪುಮೀನನ್ನು ಕಡ್ಡಿಗೆ ಚುಚ್ಚಿದ ತಿನಿಸಿಗೆ 'ಗಿಲ್ಡಾ' ಎಂದು ಹೆಸರು. 1946ರ ಹಾಲಿವುಡ್ ಸಿನಿಮಾದ ನಾಯಕಿಯ ಹೆಸರದು. ನಮ್ಮಲ್ಲಿ ಮಿರ್ಚಿಗೆ ಯಾವ ನಾಯಕಿಯ ಹೆಸರೂ ಅಂಟಿಲ್ಲ, ಸದ್ಯ.

ಕೃಷ್ಣದೇವರಾಯ ರಾಯಚೂರು ಗೆದ್ದಾಗ ಮಿರ್ಚಿ ತಿಂದಿರಲಾರ. ಮೆಣಸಿನಕಾಯಿ ಅಮೆರಿಕಾ ಖಂಡದ ಬೆಳೆ, ನಮ್ಮ ಕಡೆ ಬಂದದ್ದು ಪೋರ್ಚುಗೀಸರ ಹಡಗಿನಲ್ಲಿ. ಶೇಂಗಾ, ಟೊಮೆಟೊ ಕೂಡ ಅದೇ ಖಂಡದವು. ಇವತ್ತು ರಾಯಚೂರಿನ ಊಟದಿಂದ ಈ ಮೂರನ್ನು ತೆಗೆದರೆ ಉಳಿಯುವುದು ರೊಟ್ಟಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ. ಪುಂಡಿಪಲ್ಯಕ್ಕೂ ಖಾರ ಕಡಿಮೆಯಾಯಿತು ಎಂದು ಗೊಣಗುವವರು ಇದ್ದೇ ಇರುತ್ತಾರೆ.

ಕೈ ತೊಳೆದು ಕೋಟೆಯ ಕಡೆ ಬನ್ನಿ. ಒಳಗೋಡೆಯಲ್ಲಿ 41 ಅಡಿಗೂ ಉದ್ದದ ಒಂದೇ ಒಂದು ಕಲ್ಲು ಕೂತಿದೆ, ಗೊತ್ತೇ? ಕಾಕತೀಯರ ಕಾಲದಲ್ಲಿ, 1294ರಲ್ಲಿ ಗೋರೆ ಗಂಗಯ್ಯ ರೆಡ್ಡಿ ಈ ಕೋಟೆ ಕಟ್ಟಿಸಿದ ಎಂದು ಅದರ ಮೇಲೆ ತೆಲುಗಿನಲ್ಲಿ ಕೊರೆದಿದ್ದಾರೆ. ಪಕ್ಕದ ಕಲ್ಲಿನಲ್ಲಿ ಒಂದು ಗೀಚುಚಿತ್ರವೂ ಇದೆ: ಕೋಣಗಳ ಸಾಲು ಕಟ್ಟಿದ ಬಂಡಿ, ಅದರ ಮೇಲೆ ಇದೇ ಬಂಡೆ, ಹಿಂದೆ ಮುಂದೆ ಆಳುಗಳು. ಕೆಲಸ ಹೇಗೆ ಮಾಡಿದೆವು ಎಂದು ಕಟ್ಟಿದವರೇ ಬರೆದಿಟ್ಟು ಹೋಗಿದ್ದಾರೆ. ಒಳಗೋಡೆಯ ಕಲ್ಲುಗಳ ನಡುವೆ ಗಾರೆ ಇಲ್ಲ.

ಕಲ್ಲೆಳೆಯುವ ಹುರುಪು ಇನ್ನೂ ಇಳಿದಿಲ್ಲ. ಕಾರಹುಣ್ಣಿಮೆಗೆ ಮುನ್ನೂರುಕಾಪು ಸಮಾಜದವರು ನಡೆಸುವ ಮುಂಗಾರು ಹಬ್ಬದಲ್ಲಿ ಎತ್ತಿನ ಜೋಡಿಗಳು ಟನ್ನುಗಟ್ಟಲೆ ತೂಕದ ಕಲ್ಲು ಎಳೆಯುತ್ತವೆ. ಆಂಧ್ರ, ತೆಲಂಗಾಣದಿಂದಲೂ ಎತ್ತು ತರುತ್ತಾರೆ.

ಊರಿನ ದೊಡ್ಡ ಯುದ್ಧ 1520ರ ಮೇ 19ರಂದು ನಡೆಯಿತು. ಕೃಷ್ಣದೇವರಾಯ ಒಂದು ಕಡೆ, ವಿಜಾಪುರದ ಇಸ್ಮಾಯಿಲ್ ಆದಿಲ್‌ಶಾಹ ಇನ್ನೊಂದು ಕಡೆ. ಇದರ ಕತೆಯನ್ನು ವಿವರವಾಗಿ ಬರೆದ ಪೋರ್ಚುಗೀಸ್ ನೂನಿಜ್ ಇಸವಿಯನ್ನು 1522 ಎಂದು ಕೊಟ್ಟಿದ್ದಾನೆ. ವಾರ, ತಿಥಿಯ ಲೆಕ್ಕ ಹಾಕಿ 1520 ಎಂದು ತಿದ್ದಿದವರು ರಾಬರ್ಟ್ ಸಿವೆಲ್.

ಮೇ ತಿಂಗಳು, ರಾಯಚೂರು. ಇಲ್ಲಿ ಇರುವುದು ಬಿಸಿಲುಗಾಲ, ಕಡುಬಿಸಿಲುಗಾಲ ಎರಡೇ ಎಂಬುದು ಊರವರದೇ ನಗೆಮಾತು. ಕೃಷ್ಣದೇವರಾಯನ ದಂಡಿನ ಜೊತೆ ತೊಗಲಚೀಲ ಹೊತ್ತ ಹತ್ತು–ಹನ್ನೆರಡು ಸಾವಿರ ನೀರುಗಾರರು ಇದ್ದರೆಂದೂ, ಬಾಯಾರಿ ಯಾರೂ ಸಾಯಬಾರದೆಂದು ದಾರಿಯುದ್ದಕ್ಕೂ ನಿಂತು ನೀರು ಕೊಡುತ್ತಿದ್ದರೆಂದೂ ನೂನಿಜ್ ಬರೆಯುತ್ತಾನೆ. ಈಗ ರಸ್ತೆ ಬದಿ ಅರವಟ್ಟಿಗೆ ಕಂಡಾಗ ಇದನ್ನು ನೆನೆದರೆ ತಪ್ಪಿಲ್ಲ.

ತಾಪಸ್ಸಿನ ನೆರೆನಾಡಿನವರು ಈ ಗೋಡೆಯ ಬುಡಕ್ಕೆ ಐನೂರು ವರ್ಷದ ಹಿಂದೆಯೇ ಬಂದಿದ್ದರು. ಕುದುರೆ ಮಾರಲು ವಿಜಯನಗರಕ್ಕೆ ಬಂದಿದ್ದ ಕ್ರಿಸ್ತೋವಾಂವ್ ದ ಫಿಗೆರೇದೊ ಇಪ್ಪತ್ತು ಜನ ಪೋರ್ಚುಗೀಸ್ ಬಂದೂಕಿನವರ ಜೊತೆ ಕೃಷ್ಣದೇವರಾಯನ ಮುತ್ತಿಗೆಗೆ ಕೂಡಿಕೊಂಡ. ಗೋಡೆಯ ಮೇಲೆ ನಿರ್ಭಯವಾಗಿ ತಲೆ ಹಾಕುತ್ತಿದ್ದವರು ಗುಂಡಿನ ಏಟಿಗೆ ಹಿಂದೆ ಸರಿದರು. ಕೆಳಗಿದ್ದವರಿಗೆ ಕಲ್ಲು ಕೀಳಲು ಅಷ್ಟೇ ಬೇಕಿತ್ತು.

ಈಗ ವೈನಿನ ಮಾತು. ಸುಲ್ತಾನ ಈ ಯುದ್ಧ ಸೋತದ್ದೇ ವೈನಿನಿಂದ ಎಂದು ವಿಜಾಪುರದ ಆಸ್ಥಾನದ ಚರಿತ್ರೆಕಾರ ಫಿರಿಶ್ತಾ ಬರೆದಿದ್ದಾನೆ, ಗೊತ್ತೇ? ಕೃಷ್ಣೆಯ ದಂಡೆಯ ಬಿಡಾರದಲ್ಲಿ ಸುಲ್ತಾನ ಒರಗಿಕೊಂಡಿದ್ದಾಗ ಯಾರೋ ಮದಿರೆಯ ಮೇಲೊಂದು ಪದ್ಯ ಗುನುಗಿದರು. ಸುಲ್ತಾನ ಬಟ್ಟಲು ತರಿಸಿದ, ಕುಡಿದ, ಏರಿದ ಮೇಲೆ ಈಗಲೇ ಹೊಳೆ ದಾಟೋಣ ಅಂದ. ತೆಪ್ಪಗಳು ಇನ್ನೂ ಸಾಲದಾಗಿದ್ದವು. ತಡೆಯಲು ನೋಡಿದವರ ಮಾತಿಗೆ ಕಿವಿಗೊಡದೆ ಆನೆಯನ್ನು ನೀರಿಗಿಳಿಸಿದ. ಸೇನೆಯ ಒಂದು ಪಾಲು ಆಚೆ ದಡ, ಉಳಿದದ್ದು ಈಚೆ ದಡ. ಸೋತು ಅದೇ ಆನೆಯ ಮೇಲೆ ಹೇಗೋ ಜೀವ ಉಳಿಸಿಕೊಂಡು ಹಿಂತಿರುಗಿದ. ರಾಯಚೂರು ಮತ್ತೆ ಕೈಗೆ ಬರುವವರೆಗೆ ಮದಿರೆ ಮುಟ್ಟುವುದಿಲ್ಲ ಎಂದು ಆಣೆಯಿಟ್ಟ. ಕೃಷ್ಣದೇವರಾಯ ತೀರಿಕೊಂಡ ಮೇಲೆ, 1530ರ ಸುಮಾರಿಗೆ ಕೋಟೆ ಕೈಸೇರಿತು, ಆಮೇಲೆಯೇ ಬಟ್ಟಲು ಎತ್ತಿದ. ನೂನಿಜ್ ಹೇಳುವ ಕತೆ ಬೇರೆ, ಅದರಲ್ಲಿ ತೋಪಿನ ಸದ್ದೇ ಜಾಸ್ತಿ. ತಿರುಗಾಟಕ್ಕೆ ಫಿರಿಶ್ತಾ ವಾಸಿ.

ಪ್ಯಾಟಿಯ ನಡುವೆ ಏಕ್ ಮಿನಾರ್ ಮಸೀದಿ. ಒಂದೇ ಮಿನಾರು, ಸುಮಾರು 65 ಅಡಿ ಎತ್ತರ, ಮೇಲಕ್ಕೆ ಹೋದಂತೆ ಸಪೂರ. 1513ರ ಆಸುಪಾಸು, ಬಹಮನಿ ಸುಲ್ತಾನ ಮಹಮೂದ್ ಶಾಹನ ಕಾಲದ್ದು. ದೌಲತಾಬಾದಿನ ಚಾಂದ್ ಮಿನಾರಿನ ತಮ್ಮನಂತೆ ಕಾಣುತ್ತದೆ.

ಈ ಓಣಿಗಳಲ್ಲಿ ಎರಡನೇ ತಟ್ಟೆ: ಖಿಚಡಿ–ಖಟ್ಟಾ. ಮಸೂರ ಬೇಳೆಯ ಹಳದಿ ಖಿಚಡಿಯ ಮೇಲೆ ಹುಣಸೆ, ಎಳ್ಳು, ಹಸಿ ಉಳ್ಳಾಗಡ್ಡಿಯ ತಣ್ಣನೆಯ ನೀರು ಸಾರು. ಬಿಸಿಯೂ ತಣ್ಣಗೂ ಒಟ್ಟಿಗೇ ಬಾಯಿಗೆ ಬರುತ್ತದೆ. ಹೈದರಾಬಾದ್ ಸಂಸ್ಥಾನ 1948ರ ಸೆಪ್ಟೆಂಬರ್ 17ಕ್ಕೆ ಮುಗಿಯಿತು, 1956ರ ನವೆಂಬರ್ 1ಕ್ಕೆ ರಾಯಚೂರು ಮೈಸೂರು ರಾಜ್ಯ ಸೇರಿತು, ಖಟ್ಟಾ ಮಾತ್ರ ಎಲ್ಲಿತ್ತೋ ಅಲ್ಲೇ ಇದೆ.

ಚಾಕ್ಕೆ ಅದ್ದುವ ಉಸ್ಮಾನಿಯಾ ಬಿಸ್ಕತ್ತಿಗೆ ಆ ಹೆಸರು ಬಂದದ್ದು ಕೊನೆಯ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರಿಂದ. ಅರ್ಧ ಸಿಹಿ, ಅರ್ಧ ಉಪ್ಪು. ಇರಾನಿ ಚಾದ ಗುಟ್ಟು ಎರಡು ಪಾತ್ರೆಯಲ್ಲಿದೆ: ಒಂದರಲ್ಲಿ ಬಾಯಿ ಮುಚ್ಚಿ ಗಂಟೆಗಟ್ಟಲೆ ಕುದ್ದ ಡಿಕಾಕ್ಷನ್, ಇನ್ನೊಂದರಲ್ಲಿ ಕಾದು ಕಾದು ಗಟ್ಟಿಯಾದ ಹಾಲು. ಎರಡೂ ಕೂಡುವುದು ಕಪ್ಪಿನಲ್ಲೇ.

ವೈನು ಬಿಟ್ಟು ಚಾ ಹಿಡಿಯಿರಿ ಅಂದದ್ದಕ್ಕೆ ಕಾರಣ ಈಗ. ಈ ನೆಲದ ಹಳೆಯ ಮದ್ಯ ಈಚಲಿನ ಸೇಂದಿ. ನಸುಕಿನಲ್ಲಿ ಇಳಿಸಿದಾಗ ಸಿಹಿ ನೀರಾ, ಬಿಸಿಲೇರುವಷ್ಟರಲ್ಲಿ ತಾನೇ ಹುಳಿತು ಸೇಂದಿ. ನಿಜಾಮರ ಬೊಕ್ಕಸಕ್ಕೆ ಅಬಕಾರಿ ದೊಡ್ಡ ಆದಾಯ. ಆದ್ದರಿಂದಲೇ 1947ರಲ್ಲಿ ಸ್ವಾಮಿ ರಮಾನಂದ ತೀರ್ಥರ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಚಳವಳಿಗಾರರು ಸೇಂದಿ ಮರಗಳಿಗೆ ಕೊಡಲಿ ಹಾಕಿದರು. ಮರ ಉರುಳಿದರೆ ಸರ್ಕಾರದ ಜೇಬಿಗೆ ತೂತು.

ಸಾರಾಯಿಯನ್ನು ಕರ್ನಾಟಕ 2007ರ ಜುಲೈ 1ರಿಂದ ನಿಷೇಧಿಸಿತು. ಆದರೂ ಸೇಂದಿಯ ಕತೆ ಮುಗಿದಿಲ್ಲ: ಸಿ.ಎಚ್. ಪೌಡರ್ ಎಂಬ ಕ್ಲೋರಲ್ ಹೈಡ್ರೇಟ್ ಬೆರೆಸಿದ ಕಳ್ಳಸೇಂದಿ ಹಿಡಿದ ಸುದ್ದಿ ರಾಯಚೂರಿನ ಪತ್ರಿಕೆ ಓದುವವರಿಗೆ ಹೊಸದಲ್ಲ. ಅದನ್ನು ಕುಡಿದು ಚಟ ಹತ್ತಿದವರು ಬಿಟ್ಟರೂ ಸಂಕಟ, ಬಿಡದಿದ್ದರೂ ಸಂಕಟ. 2019ರ ಜನವರಿಯಲ್ಲಿ ಮದ್ಯ ನಿಷೇಧಿಸಿ ಎಂದು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಸುಮಾರು 200 ಕಿ.ಮೀ. ನಡೆದ ಹೆಣ್ಣುಮಕ್ಕಳ ಮುಂಚೂಣಿಯಲ್ಲಿ ರಾಯಚೂರು ಜಿಲ್ಲೆಯ ಕೂಲಿಕಾರ್ಮಿಕರಿದ್ದರು. ಮದ್ಯದ ಹೆಸರಿನಲ್ಲಿ ಈ ಜಿಲ್ಲೆಯವರು ನಡೆದ ದೊಡ್ಡ ನಡಿಗೆ ಅದೇ.

ದ್ರಾಕ್ಷಿಯ ವೈನೇ ಬೇಕೆಂಬ ಹಟವಿದ್ದರೆ ವಿಜಾಪುರ, ಬಾಗಲಕೋಟೆಯ ಕಡೆ ಹೋಗಿ. ಇಲ್ಲವೇ ಗಂಗಾವತಿ ಸೀಮೆ, ಅಲ್ಲೂ ವೈನ್ ದ್ರಾಕ್ಷಿ ತೋಟವಿದೆ. 1997ರಲ್ಲಿ ಕೊಪ್ಪಳ ಬೇರೆ ಜಿಲ್ಲೆಯಾಗುವವರೆಗೆ ಅದೂ ರಾಯಚೂರೇ ಆಗಿತ್ತು.

ಮರುದಿನ ಬಸ್ಸು ಹತ್ತಿ ಮಾನ್ವಿಗೆ. ಒಂದು ಊಟದ ಕರೆಯನ್ನು ತಳ್ಳಿಹಾಕಿದ್ದರಿಂದ ಕನ್ನಡಕ್ಕೊಂದು ಮಹಾಕೃತಿ ಸಿಕ್ಕಿತು ಎಂದು ಇಲ್ಲಿಯವರು ಹೇಳುತ್ತಾರೆ, ಗೊತ್ತೇ? ಮಾನ್ವಿಯ ಪಂಡಿತ ಶ್ರೀನಿವಾಸಾಚಾರ್ಯರಿಗೆ ಕನ್ನಡದಲ್ಲಿ ಹಾಡುವ ದಾಸರ ಮೇಲೆ ಅಷ್ಟು ಗೌರವವಿರಲಿಲ್ಲ. ಚೀಕಲಪರ್ವಿಯ ವಿಜಯದಾಸರು ಊಟಕ್ಕೆ ಕರೆದಾಗ, ಹೊತ್ತು ಮೀರಿ ಉಂಡರೆ ಹೊಟ್ಟೆನೋವು ಬರುತ್ತದೆ ಎಂದು ನೆಪ ಹೇಳಿದರು. ನೆಪ ನಿಜವಾಯಿತು. ಯಾವ ಮದ್ದಿಗೂ ಬಗ್ಗದ ಹೊಟ್ಟೆನೋವು. ಕೊನೆಗೆ ವಿಜಯದಾಸರನ್ನೇ ಮೊರೆಹೊಕ್ಕಾಗ ಅವರು ತಮ್ಮ ಶಿಷ್ಯ ಗೋಪಾಲದಾಸರ ಬಳಿಗೆ, ಉತ್ತನೂರಿಗೆ ಕಳಿಸಿದರು. ಗೋಪಾಲದಾಸರು ಧನ್ವಂತರಿಯನ್ನು ನೆನೆದು ಕೊಟ್ಟ ಔಷಧ ಯಾವುದು? ಜೋಳದ ರೊಟ್ಟಿ. ಜೊತೆಗೆ ತಮ್ಮ ಆಯುಷ್ಯದಲ್ಲಿ ನಲವತ್ತು ವರ್ಷ. ಹೊಟ್ಟೆನೋವು ಬಿಟ್ಟ ಆ ಪಂಡಿತರೇ ಮುಂದೆ ಜಗನ್ನಾಥದಾಸರು. ಭಾಮಿನಿ ಷಟ್ಪದಿಯಲ್ಲಿ 'ಹರಿಕಥಾಮೃತಸಾರ' ಬರೆದು 1809ರವರೆಗೆ ಬಾಳಿದರು. ಗೋಪಾಲದಾಸರು ತೀರಿಕೊಂಡದ್ದು ನಲವತ್ತರ ಆಸುಪಾಸಿನಲ್ಲಿ. ಭಕ್ತರ ಲೆಕ್ಕ ಸರಿಹೊಂದುತ್ತದೆ.

ಅದೇ ಮಾನ್ವಿಯಲ್ಲಿ ಈಗ ರೊಟ್ಟಿಯ ಜೋಳಕ್ಕಿಂತ ಭತ್ತದ ಗದ್ದೆಯೇ ಕಣ್ಣಿಗೆ ಬೀಳುತ್ತದೆ. ಕಾರಣ ತುಂಗಭದ್ರಾ ಎಡದಂಡೆ ಕಾಲುವೆ.

ಕೊನೆಯ ನಿಲ್ದಾಣ ದೇವದುರ್ಗ, ಒಂದು ಕಾಲಕ್ಕೆ ಬೇಡ ಪಾಳೆಯಗಾರರ ನೆಲೆ. ಗೋಪಾಲದಾಸರು ಹುಟ್ಟಿದ ಮೊಸರಕಲ್ಲು ಇದೇ ತಾಲ್ಲೂಕು. ರಾಯಚೂರಿನಿಂದ ಹೋಗುವ ದಾರಿಯಲ್ಲಿ ಗಬ್ಬೂರಿನಲ್ಲಿ ಇಳಿದರೆ ಹಳೆಯ ಗುಡಿಗಳೂ ಶಾಸನಗಳೂ ಊರ ಮನೆಗಳ ನಡುವೆಯೇ ಸಿಗುತ್ತವೆ. ಕೇಳಿದರೆ ಹುಡುಗರು ದಾರಿ ತೋರಿಸುತ್ತಾರೆ, ನಿಮಗಿಂತ ಮುಂದೆ ಓಡುತ್ತಾರೆ.

ಇಲ್ಲಿಯ ತಟ್ಟೆ ಅಂಗಡಿಯಲ್ಲಿ ಸಿಗುವಂಥದ್ದಲ್ಲ. ಎಳ್ಳಮಾವಾಸ್ಯೆಗೆ ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲಿ ಉಣ್ಣುತ್ತಾರೆ: ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಹತ್ತಾರು ಕಾಯಿಪಲ್ಯ ಕೂಡಿಸಿದ ಭಜ್ಜಿ, ಶೇಂಗಾ ಹೋಳಿಗೆ, ಪುಂಡಿಪಲ್ಯ. ಅದರ ಹಿಂದೆಯೇ ಸೀತನಿ. ಹಾಲು ತುಂಬಿದ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಿಸಿ ಇರುವಾಗಲೇ ಅಂಗೈಯಲ್ಲಿ ತಿಕ್ಕಿ, ಹೊಟ್ಟು ಊದಿ ಬಾಯಿಗೆ ಹಾಕಿಕೊಳ್ಳುವುದು. ಜೊತೆಗೆ ಶೇಂಗಾ ಹಿಂಡಿ, ಬೆಲ್ಲ. ತೆನೆ ಬಲಿತರೆ ಸೀತನಿ ಮುಗಿಯಿತು, ಆದ್ದರಿಂದ ಈ ತಿರುಗಾಟಕ್ಕೆ ಡಿಸೆಂಬರ್ ಕೊನೆಯಿಂದ ಜನವರಿ ಒಳ್ಳೆಯದು. ಹೊಲದವರಿಗೆ ಮುಂಚೆ ಒಂದು ಫೋನ್ ಮಾಡಿ ಹೋಗಿ. ದುಡ್ಡು ಎಷ್ಟು ಎಂದು ಮಾತ್ರ ಕೇಳಬೇಡಿ, ಬೈಸಿಕೊಳ್ಳುತ್ತೀರಿ.